ಇಪ್ಪತ್ತಕ್ಕ ಎಷ್ಟು

ಎರಡನೇ ಶನಿವಾರ, ದೀಪಾ ಹಚ್ಚೂ ಹೊತ್ತಿಗೆ,
ಉಮದಿಯೊಳಗ ಹಲ್ಲಿನ ಡಾಕ್ಟರ ಐವಳೆಯವರ
ದವಾಖಾನಿ ಮ್ಯಾಲಿನ ಖೋಲ್ಯಾಗ ಆರು ಮಂದಿ ಕೂಡತಾರ.
ನನ್ನ ಹಿಡದು ಏಳು.

ನನ್ನ ಕರದದ್ದು ನಾಲಗೀ ಸಲುವಾಗಿ.
ತಾಸಗಾವ ಪೇಟ್ಯಾಗ ಇಪ್ಪತ್ತಾರು ವರ್ಷ
ಬೇದಾಣಿ ಸೌದೇದಾಗ ನಂಬರ ಹಾಕಿದ ನಾಲಗಿ.
ಒಂದು ಕಾಳು ಬಾಯಾಗ ಒಗದ್ರ ಹೇಳ್ತಿತ್ತು:
ಅದ್ದಿದ ಎಣ್ಣಿ ಹೆಚ್ಚಾಗೇತಿ, ಮ್ಯಾಲಿನ ಅಂತಸ್ತಿಂದು,
ಹನ್ನೊಂದನೇ ದಿನಾ ಮಳಿ ಹನಿ ಬಿದ್ದೇತಿ.
ಮಾಲಕ ಹುಬ್ಬು ಏರಸ್ತಿದ್ದ. ಮಳಿ ಖರೇನ ಬಿದ್ದಿರ್ತಿತ್ತು.

ಲಕ್ಕಪ್ಪ ಕೊಡಗ ಹಡಗದ ಅಡಿಗಿಯಂವ ಇದ್ದ, ಈಗ ರಿಟಾಯರ.
ಬಾಟಲಿ ತರೂದು ಅವನ ಕೆಲಸ. ಲೇಬಲ್ಲು ಕಾಣಬಾರದಂತ
ಒಂದೊಂದಕ್ಕ ಅರಿವಿ ಚೀಲ ಹೊಲದು ತೊಡಸ್ಯಾನ, ಕೊಳ್ಳಿಗೆ ಲಾಡಿ.
ಸಾಲಿ ಹುಡುಗೂರಂಗ ನಿಂತಿರ್ತಾವ,
ಹೆಸರ ಕೂಗೂ ತನಕ ಸುಮ್ಮ.

ಡಾಕ್ಟರು ಹೇಳ್ತಾರ: ಮುಕ್ಕಳಸ್ರಿ, ಉಗುಳ್ರಿ.
ಹಗಲೆಲ್ಲಾ ಕೆಳಗಿನ ಕುರ್ಚಿ ಮುಂದ ಅದನ್ನ ಹೇಳಿರ್ತಾರ.
ಆದ್ರ ಇಲ್ಲಿ ಉಗುಳಾಕ ಬರೂದು ನನಗೊಬ್ಬಾಕಿಗೇ.
ಉಳಿದವ್ರು ನುಂಗಿ ನುಂಗಿ ಮೂರನೇ ಚೀಲಕ್ಕ ಕವಿಗಳಾಗತಾರ:
ಹುಣಸಿ ಹೂವು ಅಂತಾನೊಬ್ಬ, ಬೆಳದಿಂಗಳು ಅಂತಾನೊಬ್ಬ,
ಇಬ್ರೂ ಹದಿನೆಂಟು ಕೊಡತಾರ.
ದಿನಕ್ಕ ನಾಕನೂರು ಕಾಳು ಅಗದು ಉಗುಳಿದಾಕಿ ನಾನು.
ಮನ್ಯಾಗೊಬ್ಬ ಇದ್ದ, ಸಂತ್ರಾ ಕುಡೀತಿದ್ದ.
ಉಗುಳೂದು ಅವನಿಗೆ ನಾ ಕಲಿಸಲಿಲ್ಲ.

ಇರಲಿ.

ರಜಿಸ್ಟರು ಶಿಂದೆ ಮಾಸ್ತರ ಕಡೆ. ಮರಾಠಿಯೊಳಗ ಬರೀತಾರ.
ಚಿಲಿ ದೇಶದ್ದಕ್ಕ ನಾ ಒಗರು ಅಂದೆ, ತುರಟ ಅಂತ ಬರದ್ರು.
ಪೋರ್ತುಗಾಲದ್ದಕ್ಕ ಮುಗ್ಗಲು ಅಂದೆ, ಕುಬಟ ಅಂತ ಬರದ್ರು.
ಆಫ್ರಿಕಾದ ತುದಿಯಿಂದ ಬಂದದ್ದು ಕನರು ಇತ್ತು.
ಪೆನ್ನು ನಿಂತಿತು. ಕನರು ಅಂದ್ರ?
ಸೀತಾಫಲ ಹಣ್ಣಾಗೂ ಹಿಂದಿನ ದಿನಾ ಕದ್ದು ತಿಂದ್ರ
ನಾಲಗಿ ಬುಡಕ್ಕ ಏನು ಹತ್ತತೈತಿ, ಅದರಿ ಮಾಸ್ತರ.
ಅವರಿಗೆ ತಿಳೀತು. ಶಬ್ದ ಸಿಗಲಿಲ್ಲ.
ಕನರು ಅಂತನ ಬರದು
ತಲೀ ಮ್ಯಾಲ ಅಡ್ಡಗೆರಿ ಎಳದ್ರು.

ಇನ್ನೊಂದು ಇತ್ತು, ಬಣ್ಣ ಕರೀ ಚಾದಂಗ.
ಮೂಗಿಗೆ ಹಿಡದೆ. ಹಗೇವಿನ ಬಾಯಿ ತಗದಂಗಾತು.
ನಮ್ಮ ಮುತ್ಯಾ ಹಗೇವಿನಾಗ ಮದಲ ಕಂದೀಲು ಇಳಸ್ತಿದ್ದ,
ದೀಪಾ ಆರಿದ್ರ ಯಾರೂ ಇಳೀಬಾರದು.
ಲಕ್ಕಪ್ಪ ಚೀಲಾ ಬಿಚ್ಚಿ ಅಂದ: ಜಾರ್ಜಿಯಾದ್ದರಿ ಅಕ್ಕಾರ,
ಮಣ್ಣಿನ ಹರವಿ ಭೂಮ್ಯಾಗ ಹುಗದು ಮಾಡತಾರ.
ಹದಿನೇಳು ಕೊಟ್ಟಿದ್ದೆ. ಇನ್ನೊಂದು ಕೊಡಬೇಕಿತ್ತು.

ಕಡೀ ಚೀಲ.
ಗಂಧಕದ ಹೊಗಿ ಗಂಟಲಾಗ ನಿಂತಿತು, ಅದರ ಹಿಂದ ಬರೇ ಹುಳಿ.
ಸಕ್ರಿ ಹಾಕಿ ತಪ್ಪು ಮುಚ್ಚ್ಯಾರ, ಅವಸರದ ಕೈ, ಅಂದೆ.
ಆರು.
ಲಕ್ಕಪ್ಪ ಲಾಡಿ ಬಿಚ್ಚಲಿಲ್ಲ. ಡಾಕ್ಟರ ಮಾರಿ ನೋಡಿದ.
ನಾನ ಬಿಚ್ಚಿದೆ.

ಒಳಗ ನಮ್ಮ ಮನೀ ಸರಬತ್ತಿನ ಬಾಟಲಿ.
ಮಾಘದಾಗ ಆಣಿಕಲ್ಲು ಬಡದ ಥಾಮ್ಸನ್,
ಯಾರೂ ಕೊಳ್ಳದ ನಾಕು ಕ್ರೇಟು,
ಉಪ್ಪಿನಕಾಯಿ ಭರಣ್ಯಾಗ ನಾನ ಹಿಚಿಕಿ ಇಟ್ಟದ್ದು.
ಮುಂದಿನ ತಿಂಗಳಾ ಇಡತೇನಿ ಅಂದಿದ್ದ, ಕಳ್ಳ.

ಹತ್ತ ಮಾಡ್ಲೇನ್ರಿ ಗುರುಬಾಯಕ್ಕ, ಅಂದ್ರು ಮಾಸ್ತರು,
ರಬ್ಬರು ಹುಡುಕೋತ. ಉಳಿದವರ ನಂಬರ ಆಗಲೇ
ಹದಿಮೂರು, ಹದಿನಾಕು ಅಂತ ಏರಾಕತ್ತಿದ್ವು.
ಬ್ಯಾಡ ಅಂದೆ. ಮಾಲು ಯಾರದಂತ ನೋಡಿ ನಂಬರ ಹಾಕೂದಿದ್ರ
ಕಣ್ಣ ಸಾಕಲ್ಲ, ನಾಲಗಿ ಯಾಕ?

ಮನಿಗೆ ಬಂದು, ಉಳಿದದ್ದನ್ನ ಸ್ಟೀಲಿನ ವಾಟಗಾದಾಗ ಸುರಕೊಂಡು
ಹೊಚ್ಚಲದ ಮ್ಯಾಲ ಕುಂತು ಕುಡದೆ. ಉಗುಳಲಿಲ್ಲ.
ಸಂಖದ ದಾರಿ ಕಡೆ ಯಾರದೋ ಶೆಡ್ಡಿನಾಗ
ಗಂಧಕ ಹಚ್ಚಿದ್ರು, ಗಾಳಿ ಈ ಕಡೆ ಇತ್ತು.
ಇನ್ನೊಂದು ಗುಟುಕು.

ಆರ.
ಭಾಳಂದ್ರ ಆರೂವರಿ.